ಹಾರ-ತುರಾಯಿ ಸಾಕು, ಮಾತುಕತೆ ಬೇಕು

ನಮ್ಮ ಹೊರನಾಡ ಕನ್ನಡ ಸಂಘಗಳಲ್ಲಿ ಒಂದು ಬಗೆಯ ಮಡಿ ಬಹುಕಾಲದಿಂದ ನಡೆದುಬಂದಿದೆ. ಸಾಹಿತ್ಯಕ್ಕೆ ಒಳಪಂಕ್ತಿ, ಸುಗಮ ಸಂಗೀತಕ್ಕೆ ಅದರ ಪಕ್ಕದ ಎಲೆ, ಯಕ್ಷಗಾನಕ್ಕೂ ನಾಟಕಕ್ಕೂ ನಡುಮನೆಯಲ್ಲಿ ಜಾಗ. ಸಿನಿಮಾಕ್ಕೆ ಮಾತ್ರ ಜಗುಲಿ. ಉಪನ್ಯಾಸಮಾಲೆ ಗೊತ್ತುಮಾಡುವಾಗ ಯಾರಾದರೊಬ್ಬ ಸದಸ್ಯರು 'ಒಂದು ಸಂಜೆ ಚಲನಚಿತ್ರದ ಬಗ್ಗೆ ಮಾತನಾಡೋಣ' ಎಂದರೆ ಸಮಿತಿಯ ಹಿರಿಯರು ನಸುನಗುತ್ತಾರೆ. ಅದೆಲ್ಲ ಹುಡುಗರ ಹರಟೆ, ಸಂಘದ ಮಟ್ಟಕ್ಕೆ ತಕ್ಕುದಲ್ಲ ಎಂದು ತೀರ್ಪಾಗುತ್ತದೆ. ಅದೇ ಸಮಿತಿ ವಾರ್ಷಿಕೋತ್ಸವಕ್ಕೆ ಸಭಾಂಗಣ ತುಂಬಿಸಬೇಕಾದಾಗ ಬೆಂಗಳೂರಿಗೆ ದೂರವಾಣಿ ಮಾಡಿ, ಯಾರಾದರೂ ಚಿತ್ರನಟರು ಸಿಗುತ್ತಾರೆಯೇ ಎಂದು ವಿಚಾರಿಸುತ್ತದೆ.

ನಟರು ಬರುತ್ತಾರೆ. ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ ಎಲ್ಲವೂ ಆಗುತ್ತದೆ. ಎರಡು ಮಾತು, ಒಂದು ಡೈಲಾಗು, ನೂರು ಫೋಟೋ. ಸಭಾಂಗಣ ಶಿಳ್ಳೆಯಿಂದ ತುಂಬುತ್ತದೆ. ಮರುದಿನ ಏನು ಉಳಿಯಿತು ಎಂದು ಕೇಳಿದರೆ ಉತ್ತರವಿಲ್ಲ. ಚಿತ್ರವನ್ನು ಹತ್ತು ಸಲ ನೋಡಿ, ಅದರ ಒಂದೊಂದು ದೃಶ್ಯವನ್ನೂ ಬಾಯಿಪಾಠ ಮಾಡಿ, ನಾಯಕ ಮಾಡಿದ್ದು ಸರಿಯೇ ತಪ್ಪೇ ಎಂದು ತಲೆ ಕೆಡಿಸಿಕೊಂಡ ಪ್ರೇಕ್ಷಕನಿಗೆ ಅಲ್ಲಿ ಚಪ್ಪಾಳೆ ತಟ್ಟುವುದರ ಹೊರತು ಬೇರೆ ಕೆಲಸವೇ ಇಲ್ಲ. ನಮ್ಮ ತಕರಾರು ಇಲ್ಲಿಂದಲೇ ಹೊರಡುತ್ತದೆ. ನಟನಿಗೆ ಸಲ್ಲುವ ಗೌರವದ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಭಿಮಾನಿ ಎಂದರೆ ಕೂಗುವ ಗಂಟಲು, ತಟ್ಟುವ ಕೈ ಇಷ್ಟೇ ಎಂದು ತಿಳಿದಿರುವುದು ಕನ್ನಡಕ್ಕೂ ಒಳ್ಳೆಯದಲ್ಲ, ಕನ್ನಡ ಚಿತ್ರಕ್ಕೂ ಒಳ್ಳೆಯದಲ್ಲ ಎಂಬುದು ನಮ್ಮ ವಾದ.

ನಿಜವಾದ ಅಭಿಮಾನಿ ಏನು ಮಾಡುತ್ತಾನೆ? 1972ನೆಯ ಇಸವಿಯನ್ನೇ ತೆಗೆದುಕೊಳ್ಳೋಣ. ಆ ವರ್ಷ ಸಿದ್ಧಲಿಂಗಯ್ಯನವರ 'ಬಂಗಾರದ ಮನುಷ್ಯ' ಬಂತು. ವರ್ಷದ ಕೊನೆಗೆ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂತು. ಎರಡನ್ನೂ ನೋಡದ ಕನ್ನಡ ಕುಟುಂಬ ಮುಂಬಯಿಯಲ್ಲಾಗಲಿ ಮದರಾಸಿನಲ್ಲಾಗಲಿ ಇದ್ದಿರಲಿಕ್ಕಿಲ್ಲ. ಅಕ್ಕನ ಸಂಸಾರಕ್ಕಾಗಿ ಜೀವ ತೇದ ರಾಜೀವ ಕೊನೆಗೆ ಅವಮಾನವನ್ನು ನುಂಗಿ, ಒಂದು ಮಾತೂ ಆಡದೆ ಮನೆ ಬಿಟ್ಟು ಹೊರಟುಹೋಗುತ್ತಾನೆ. ಅದು ತ್ಯಾಗವೇ, ಬಿಗುಮಾನವೇ? ನಿಂತು ಉತ್ತರ ಕೊಡಬೇಕಾಗಿತ್ತಲ್ಲವೇ? ಅವನು ಹೋದ ಮೇಲೆ ಅಕ್ಕನ ಗತಿಯೇನು? ಇದನ್ನು ಕುರಿತು ಮನೆಮನೆಯಲ್ಲಿ ವಾದವಾಗಿದೆ, ಅರ್ಧ ಶತಮಾನ ಕಳೆದರೂ ಆಗುತ್ತಿದೆ.

'ನಾಗರಹಾವು' ಇನ್ನೂ ಕಠಿಣ. ರಾಮಾಚಾರಿ ಇಡೀ ಚಿತ್ರದುರ್ಗದಲ್ಲಿ ತಲೆಬಾಗುವುದು ಚಾಮಯ್ಯ ಮೇಷ್ಟ್ರು ಒಬ್ಬರಿಗೆ. ಆ ಮೇಷ್ಟ್ರೇ ಬಂದು ಅಲಮೇಲುವನ್ನು ಮರೆತುಬಿಡು ಎನ್ನುತ್ತಾರೆ. ಗುರುವಿನ ಮಾತಿಗೆ ಶಿಷ್ಯ ಪ್ರೇಮವನ್ನು ಬಲಿಗೊಡುತ್ತಾನೆ. ಬೇರೆಡೆ ಮದುವೆಯಾದ ಆ ಹುಡುಗಿಯ ಬಾಳು ಬೀದಿಗೆ ಬೀಳುತ್ತದೆ. ಕೊನೆಗೆ ಬೆಟ್ಟದ ಮೇಲೆ ಗುರುವೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ. ಈ ಅನರ್ಥಕ್ಕೆ ಹೊಣೆ ಯಾರು? ಒರಟ ಹುಡುಗನೇ, ಒಳ್ಳೆಯ ಮೇಷ್ಟ್ರೇ? ಒಳ್ಳೆಯವರು ಒಳ್ಳೆಯ ಉದ್ದೇಶದಿಂದಲೇ ಮಾಡುವ ಕೇಡಿಗೆ ಯಾವ ಹೆಸರಿಡಬೇಕು? ಇದು ಹರಟೆಯಾದರೆ ಧರ್ಮಸೂಕ್ಷ್ಮವೆಂಬುದು ಮತ್ತೇನು?

ಈ ಮಾತನ್ನು ನಾವು ಬೇಕೆಂದೇ ಎತ್ತುತ್ತಿದ್ದೇವೆ. ನಮ್ಮ ಕರಾವಳಿಯ ಬಂಧುಗಳು ರಾತ್ರಿಯಿಡೀ ಕುಳಿತು ತಾಳಮದ್ದಳೆ ಕೇಳುತ್ತಾರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ್ಯ, ಅದರ ಮೇಲೆ ಅರ್ಥಧಾರಿಗಳ ಮಾತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದಾವ ಧರ್ಮ ಎಂದು ವಾಲಿ ರಾಮನನ್ನೇ ಕಟಕಟೆಗೆ ನಿಲ್ಲಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದವರು ಇಂದಿಗೂ ಅದನ್ನು ನೆನೆದು ತಲೆದೂಗುತ್ತಾರೆ. ಉತ್ತರ ಕರ್ನಾಟಕದಿಂದ ಬಂದವರನ್ನು ಕೇಳಿ: ಹರದೇಶಿ-ನಾಗೇಶಿ ಎಂದು ಎರಡು ಪಂಗಡ ಕಟ್ಟಿಕೊಂಡು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಗೀಗೀ ಪದದಲ್ಲೇ ಸವಾಲು-ಜವಾಬು ನಡೆಸುವ ಪದ್ಧತಿ ಅವರಲ್ಲಿದೆ. ಎಲ್ಲರಿಗೂ ಗೊತ್ತಿರುವ ಕಥೆಯನ್ನು ಮತ್ತೆ ಕೈಗೆತ್ತಿಕೊಂಡು, ಅದರ ಪಾತ್ರದೊಳಗೆ ಹೊಕ್ಕು, ಅಲ್ಲಿಲ್ಲದ ಮಾತನ್ನು ಅಲ್ಲಿಂದಲೇ ಹೊರಡಿಸುವುದು ನಮ್ಮ ಜನ ಕಥೆಯನ್ನು ಮೆಚ್ಚುವ ರೀತಿ. ನಮ್ಮಲ್ಲಿ ಮೆಚ್ಚುವುದೆಂದರೆ ವಾದಿಸುವುದು ಎಂದೇ ಅರ್ಥ.

ಹಾಗಿರುವಾಗ ವಾಲಿಯ ಪರ ವಾದಿಸಿದರೆ ವಿದ್ವತ್ತು, ರಾಮಾಚಾರಿಯ ಪರ ವಾದಿಸಿದರೆ ಪೋಲಿತನ ಎಂಬ ಭೇದ ಎಲ್ಲಿಂದ ಬಂತು? ಸಾಹಿತ್ಯದ ಹೆಸರಿನಲ್ಲಿ ಮೂಗು ಮುರಿಯುವವರಿಗೆ ಒಂದು ವಿಷಯ ಜ್ಞಾಪಿಸಬೇಕು. 'ನಾಗರಹಾವು' ಬಂದದ್ದು ತ. ರಾ. ಸು. ಅವರ ಕಾದಂಬರಿಗಳಿಂದ, 'ಬಂಗಾರದ ಮನುಷ್ಯ' ಟಿ. ಕೆ. ರಾಮರಾಯರ ಕಾದಂಬರಿಯಿಂದ, 'ಶರಪಂಜರ' ತ್ರಿವೇಣಿಯವರ ಕಾದಂಬರಿಯಿಂದ. ಚಿತ್ರ ನೋಡಿ ಬಂದು ಕಾದಂಬರಿ ಹುಡುಕಿ ಓದಿದವರು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲಿ ಬದಲಾಯಿತು, ಯಾಕೆ ಬದಲಾಯಿತು ಎಂದು ತೂಗಿದವರು ನಮ್ಮ ತಾಯಂದಿರ ಪೀಳಿಗೆಯಲ್ಲಿ ಎಷ್ಟು ಮಂದಿ! ಚಿಕಿತ್ಸೆ ಮುಗಿಸಿ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮತ್ತೆ ಹುಚ್ಚಿಗೆ ದೂಡಿದವರು ಯಾರು ಎಂಬ ಪ್ರಶ್ನೆಯನ್ನು ಅವರು ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಲೇ ಚರ್ಚಿಸಿದ್ದಾರೆ. ಅದನ್ನು ಯಾರೂ ವಿಮರ್ಶೆ ಎಂದು ಕರೆಯಲಿಲ್ಲ; ಅವರನ್ನು ಯಾರೂ ವೇದಿಕೆಗೂ ಕರೆಯಲಿಲ್ಲ.

'ಸಿನಿಮಾ ವ್ಯಾಪಾರವಯ್ಯಾ, ಕಲೆಯಲ್ಲ' ಎಂಬುದು ಇನ್ನೊಂದು ಆಕ್ಷೇಪ. ಒಪ್ಪೋಣ, ವ್ಯಾಪಾರವೂ ಹೌದು. ಗುಬ್ಬಿ ವೀರಣ್ಣನವರ ಕಂಪೆನಿಯೂ ಟಿಕೀಟು ಹರಿದೇ ನಾಟಕ ಆಡಿತು. ಆ ಕಂಪೆನಿಯಲ್ಲಿ ಪಳಗಿದ ಹುಡುಗನೇ 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಬಂದು ರಾಜಕುಮಾರನಾದ. ಅಂದಿನ ಕಂಪೆನಿ ನಾಟಕವನ್ನು ಇಂದು ಪರಂಪರೆ ಎನ್ನುತ್ತೇವೆ, ಅದರ ಮೇಲೆ ವಿಚಾರಸಂಕಿರಣ ನಡೆಸುತ್ತೇವೆ. ಚಿತ್ರವನ್ನು ಕುರಿತು ಮಾತನಾಡಲು ಅದು ಹಳತಾಗಿ ಧೂಳು ಹಿಡಿಯುವವರೆಗೆ ಕಾಯಬೇಕೇ?

ಸಾಮಾನ್ಯ ಜನಕ್ಕೆ ಚಿತ್ರವನ್ನು ವಿಶ್ಲೇಷಿಸುವ ಶಕ್ತಿಯಿಲ್ಲ ಎನ್ನುವವರು ಸಾಗರ ತಾಲ್ಲೂಕಿನ ಹೆಗ್ಗೋಡಿನ ಕಡೆ ನೋಡಬೇಕು. ಕೆ. ವಿ. ಸುಬ್ಬಣ್ಣನವರು ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1970ರ ದಶಕದಲ್ಲೇ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಜಪಾನಿನ, ಇಟಲಿಯ ಚಿತ್ರಗಳನ್ನು ತಂದು ರೈತರಿಗೆ, ಮೇಷ್ಟ್ರುಗಳಿಗೆ, ಹೆಂಗಸರಿಗೆ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್ ಅವರನ್ನು ಕರೆಸಿ ರಸಗ್ರಹಣ ಶಿಬಿರ ನಡೆಸಿದರು. ಭಾಷೆ ತಿಳಿಯದ ಚಿತ್ರವನ್ನು ನೋಡಿ ಹಳ್ಳಿಯವರು ಮಾತನಾಡಿದರು, ವಾದಿಸಿದರು. ಹಳ್ಳಿಯಲ್ಲಿ ಆದದ್ದು ಎರಡು ಡಿಗ್ರಿ ಪಡೆದವರೇ ತುಂಬಿರುವ ನಮ್ಮ ಮಹಾನಗರದ ಸಂಘಗಳಲ್ಲಿ ಆಗದೆಂದರೆ ಕೊರತೆ ಶಕ್ತಿಯದಲ್ಲ, ಮನಸ್ಸಿನದು.

ಇನ್ನು ಗಂಭೀರವಾದ ಆಕ್ಷೇಪಕ್ಕೆ ಬರೋಣ. 'ಅಭಿಮಾನವೆಂದರೆ ಕಟೌಟಿಗೆ ಹಾಲು ಸುರಿಯುವುದು, ನನ್ನ ನಟ ನಿನ್ನ ನಟ ಎಂದು ಬಡಿದಾಡುವುದು. ಅದನ್ನು ಸಂಘದೊಳಗೆ ಬಿಟ್ಟುಕೊಳ್ಳಬೇಕೇ?' ಎಂದು ಕೇಳುವವರಿದ್ದಾರೆ. ಕೂಸುಗಳಿಗಿಲ್ಲದ ಹಾಲನ್ನು ಹಲಗೆಯ ಮೇಲೆ ಸುರಿಯುವುದು ನಮಗೂ ಅಸಹ್ಯವೇ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಬೀದಿಗಳಲ್ಲಿ ನಡೆದ ದಾಂಧಲೆಯಲ್ಲಿ ಪ್ರಾಣಗಳೇ ಹೋದವು. ಅಭಿಮಾನಿಗಳನ್ನು ದೇವರೆಂದು ಕರೆದ ಆ ದೊಡ್ಡ ಮನುಷ್ಯನಿಗೆ ಸಂದ ಗೌರವವೇ ಅದು? ಅಲ್ಲವೆಂದು ಹೇಳಲು ನಮಗೆ ಅಂಜಿಕೆಯಿಲ್ಲ.

ಆದರೆ ಆ ಗುಂಪಿನಲ್ಲಿ ಮೊದಲು ಸಾಯುವುದು ಚಿತ್ರದ ಕುರಿತಾದ ಮಾತು. ನಟನ ಹೆಸರು ಮಾತ್ರ ಉಳಿದು, ಅವನು ನಟಿಸಿದ್ದೇನು, ಆ ಕಥೆ ಹೇಳಿದ್ದೇನು ಎಂಬುದು ಮರೆಯಾದಾಗ ಅಭಿಮಾನ ಬರೀ ಬಲಪ್ರದರ್ಶನವಾಗುತ್ತದೆ. ಇತ್ತೀಚಿನ ಒಂದು ನಿದರ್ಶನ ಸಾಕು. 2022ರಲ್ಲಿ 'ಕಾಂತಾರ' ಬಂದು ತುಳುನಾಡಿನ ದೈವಾರಾಧನೆ ಊರೂರಿನ ಮಾತಾಯಿತು. 2025ರ ಅಕ್ಟೋಬರಿನಲ್ಲಿ ಅದರ ಮುಂದಿನ ಚಿತ್ರ 'ಕಾಂತಾರ ಅಧ್ಯಾಯ 1' ಬಂದಾಗ ಕೆಲವರು ದೈವದಂತೆ ವೇಷ ತೊಟ್ಟು, ಆವೇಶ ಬಂದವರ ಹಾಗೆ ಚಿತ್ರಮಂದಿರಗಳಲ್ಲಿ ಅಬ್ಬರಿಸಿದರು; ಹಾಗೆ ಮಾಡಬೇಡಿರೆಂದು ಚಿತ್ರತಂಡವೇ ಬೇಡಿಕೊಳ್ಳಬೇಕಾಯಿತು. ಕೋಲ ಕಟ್ಟುವವನ ಬದುಕೇನು, ಅವನ ವ್ರತನಿಯಮಗಳೇನು, ಆ ನುಡಿಗೆ ಊರು ಯಾಕೆ ತಲೆಬಾಗುತ್ತದೆ ಎಂದು ಒಂದು ಗಳಿಗೆ ಯೋಚಿಸಿದವನು ಹಾಗೆ ಕುಣಿಯಲಾರ. ಮುಂಬಯಿಯಲ್ಲಿ ಇದನ್ನೆಲ್ಲ ಬಲ್ಲ ತುಳುನಾಡಿನ ಹಿರಿಯರು ಬೇಕಾದಷ್ಟಿದ್ದಾರೆ. ಅವರನ್ನು ಕೂರಿಸಿ, ಈ ಚಿತ್ರದಲ್ಲಿ ಯಾವುದು ನಿಮ್ಮ ಊರಿನದು, ಯಾವುದು ಕ್ಯಾಮರಾದ್ದು ಎಂದು ಕೇಳಿದ ಸಂಘಗಳೆಷ್ಟು? ರೋಗಕ್ಕೆ ಮದ್ದು ಬಾಗಿಲು ಹಾಕಿಕೊಳ್ಳುವುದಲ್ಲ, ಒಳಗೆ ಕರೆದು ಮಾತನಾಡಿಸುವುದು.

ಅಭಿಮಾನ ಸೃಷ್ಟಿಶೀಲವಾಗಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಗಳಿವೆ. 1980ರಲ್ಲಿ 'ಆಟೋರಾಜ' ಬಂತು. ಅದರ ನಾಯಕ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡರು. ಇಂದಿಗೂ ಕರ್ನಾಟಕದ ಆಟೋರಿಕ್ಷಾಗಳ ಬೆನ್ನಮೇಲೆ ಅವರ ಚಿತ್ರವಿದೆ; ಹಾಗೆ ಬರೆಸಿಕೊಂಡ ಎಷ್ಟೋ ಚಾಲಕರು ಅವರು ಸತ್ತ ಮೇಲೆ ಹುಟ್ಟಿದವರು. ತಮ್ಮ ಕಸುಬಿಗೆ ಒಂದು ಮುಖ, ಒಂದು ಮರ್ಯಾದೆ ಸಿಕ್ಕಿತೆಂದು ಅವರು ಆ ಚಿತ್ರವನ್ನು ತಮ್ಮದಾಗಿಸಿಕೊಂಡರು. ಪವನ್ ಕುಮಾರರ 'ಲೂಸಿಯಾ' 2013ರಲ್ಲಿ ತೆರೆಗೆ ಬಂದದ್ದೇ ಪ್ರೇಕ್ಷಕರು ಕೈಯಿಂದ ಹಣ ಕೂಡಿಸಿ ಕೊಟ್ಟದ್ದರಿಂದ. ಕನಸು ಯಾವುದು, ಎಚ್ಚರ ಯಾವುದು, ಬಣ್ಣದ ಬದುಕು ನಿಜವೋ ಕಪ್ಪು-ಬಿಳುಪಿನದೋ ಎಂದು ಚಿತ್ರ ಮುಗಿದ ಮೇಲೂ ಹುಡುಗರು ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದರು. ಇಂಥ ಹುಡುಗರು ನಮ್ಮ ಸಂಘಕ್ಕೆ ಬರುತ್ತಿಲ್ಲವೆಂದು ಗೊಣಗುವ ಹಿರಿಯರು, ಬಂದರೆ ಅವರು ಏನು ಮಾತನಾಡಬಹುದು ಎಂದು ಒಮ್ಮೆ ಯೋಚಿಸಿದ್ದಾರೆಯೇ?

ಹೊರನಾಡಿನಲ್ಲಿರುವ ನಮಗೆ ಇದು ಬರೀ ಮನರಂಜನೆಯ ಪ್ರಶ್ನೆಯಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿಯೋ ತಮಿಳೋ ತೆಲುಗೋ ಹಿಂದಿಯೋ ಆಡುತ್ತಾರೆ. ಮನೆಯಲ್ಲಿ ಕನ್ನಡವುಂಟು ಎಂದು ಹೆಮ್ಮೆಪಡುತ್ತೇವೆ. ಅದು ಎಂಥ ಕನ್ನಡ? ಊಟ ಆಯ್ತಾ, ಸ್ನಾನ ಆಯ್ತಾ, ಅಜ್ಜಿಗೆ ಫೋನ್ ಮಾಡಿದೆಯಾ. ಉಪಚಾರಕ್ಕೆ ಸಾಲುವ ಕನ್ನಡ, ವಿಚಾರಕ್ಕೆ ಸಾಲದ ಕನ್ನಡ. ಹದಿನೈದು ವರ್ಷದ ಹುಡುಗನಿಗೆ ಸಿಟ್ಟು ಬಂದಾಗ, ಅನ್ಯಾಯವೆನಿಸಿದಾಗ, ತನ್ನ ಪಕ್ಷವನ್ನು ಮಂಡಿಸಬೇಕಾದಾಗ ಅವನು ಇಂಗ್ಲಿಷಿಗೆ ಜಾರುತ್ತಾನೆ. ವಾದಿಸಲು ಬಾರದ ಭಾಷೆ ಅಡಿಗೆಮನೆಯಲ್ಲೇ ಮುದಿಯಾಗಿ, ನಮ್ಮೊಂದಿಗೇ ಮುಗಿಯುತ್ತದೆ. ಅವನ ಕೈಗೆ ವಚನಸಂಪುಟ ಕೊಟ್ಟರೆ ಅಕ್ಷರ ತಿಳಿಯದೆ ಕೆಳಗಿಡುತ್ತಾನೆ. ಒಂದು ಚಿತ್ರ ತೋರಿಸಿ, 'ಮೇಷ್ಟ್ರು ಮಾಡಿದ್ದು ಸರಿಯೇನಪ್ಪಾ?' ಎಂದು ಕೇಳಿದರೆ ಉತ್ತರ ಹೇಳಲೇಬೇಕೆನಿಸುತ್ತದೆ. ಹೇಳಲು ಹೊರಟಾಗ 'ಮೋಸ', 'ಹೊಣೆ', 'ಋಣ', 'ಹಂಗು' ಎಂಬ ಮಾತುಗಳು ಬೇಕಾಗುತ್ತವೆ. ಬೇಕಾದಾಗ ಕಲಿತ ಮಾತು ಮರೆಯುವುದಿಲ್ಲ.

ಒಂದು ಅವಕಾಶ ನಮ್ಮ ಕೈತಪ್ಪಿ ಹೋದುದನ್ನೂ ಇಲ್ಲಿ ಹೇಳಬೇಕು. 1986ರ ಹೊತ್ತಿಗೆ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬಂದಾಗ ದಿಲ್ಲಿ, ಮುಂಬಯಿ, ಹೈದರಾಬಾದುಗಳಲ್ಲಿ ನಮ್ಮ ನೆರೆಹೊರೆಯವರೆಲ್ಲ ಅದನ್ನು ಮೆಚ್ಚಿ ನೋಡಿದರು. ಕಥೆ ಆರ್. ಕೆ. ನಾರಾಯಣರದು, ನಿರ್ದೇಶನ ಶಂಕರ್ ನಾಗ್ ಅವರದು, ಊರು ಆಗುಂಬೆ, ಸ್ವಾಮಿಯಾದವನು ನಮ್ಮ ಮಾಸ್ಟರ್ ಮಂಜುನಾಥ, ಅವನ ಅಪ್ಪನಾದವರು ಗಿರೀಶ ಕಾರ್ನಾಡರು. ಮಳೆ, ಹೆಂಚಿನ ಮನೆ, ಕಂಬದ ತೊಟ್ಟಿ ಎಲ್ಲ ನಮ್ಮವೇ. ಕಿವಿಗೆ ಬಿದ್ದದ್ದು ಮಾತ್ರ ಹಿಂದಿ, ಇಲ್ಲವೇ ಇಂಗ್ಲಿಷು. ಅಂದು ಸಂಘಗಳು ಆ ಕಥೆಗಳನ್ನು ಮಕ್ಕಳಿಂದ ಕನ್ನಡದಲ್ಲಿ ಆಡಿಸಿದ್ದರೆ, ಸ್ವಾಮಿ ತನ್ನ ಅಜ್ಜಿಯೊಡನೆ ಯಾವ ಕನ್ನಡ ಆಡುತ್ತಿದ್ದ ಎಂದು ಕೇಳಿದ್ದರೆ, ಪ್ರತಿಯೊಂದು ಮನೆಯಲ್ಲೂ ಒಂದು ಮಾಲ್ಗುಡಿ ಎದ್ದು ನಿಲ್ಲುತ್ತಿತ್ತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಕಟ್ಟಡಕ್ಕೆ ದೊರೆತ ಮನ್ನಣೆ ನಮ್ಮ ಸಂಘಗಳ ವೇದಿಕೆಯಲ್ಲಿ ಆ ಕಥೆಗಳಿಗೆ ದೊರೆಯಲಿಲ್ಲ.

ಮಾತನಾಡದ ಅಭಿಮಾನದಿಂದ ಚಿತ್ರಕ್ಕೂ ನಷ್ಟವಿದೆ. ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ 1934ರ 'ಸತಿ ಸುಲೋಚನಾ'. ಅದು ತಯಾರಾದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಇದು ಬೇಕು, ಇದನ್ನು ಕಾಯಬೇಕು ಎಂದು ಪಟ್ಟು ಹಿಡಿದು ಕೇಳುವವರು ಸಕಾಲದಲ್ಲಿ ಇರಲಿಲ್ಲ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ದ ಕಥೆ ಬೇರೆಯಾಯಿತು. 1977ರ ಆ ಚಿತ್ರ ಸ್ವರ್ಣಕಮಲ ಪಡೆಯಿತು. ಅದಕ್ಕೆ ಹಣ ಹೂಡಿದ ಸದಾನಂದ ಸುವರ್ಣರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದವರು, ಎಂದರೆ ನಮ್ಮಂಥ ಹೊರನಾಡಿಗರಲ್ಲೇ ಒಬ್ಬರು. ದೂರದರ್ಶನಕ್ಕೆ 'ಗುಡ್ಡದ ಭೂತ' ಧಾರಾವಾಹಿಯನ್ನು ಕೊಟ್ಟವರೂ ಅವರೇ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಚಿತ್ರದ ಮೂಲ ಸುರುಳಿಗಳು ಉಳಿದಿದ್ದವು. ಚಿತ್ರವನ್ನು ಪ್ರೀತಿಸಿದವರು ಪಟ್ಟು ಹಿಡಿದು ಅದನ್ನು ಜೀರ್ಣೋದ್ಧಾರ ಮಾಡಿಸಿದ್ದರಿಂದ 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆಗೆ ಬಂತು. ಸುವರ್ಣರು ಅದಕ್ಕೆ ಕೆಲವೇ ವಾರ ಮುಂಚೆ, ಆ ವರ್ಷದ ಜುಲೈನಲ್ಲಿ ತೀರಿಕೊಂಡಿದ್ದರು. ವೆನಿಸ್ಸಿನಲ್ಲಿ ಮನ್ನಣೆ ಪಡೆದ ಈ ಚಿತ್ರವನ್ನು ಮುಂಬಯಿಯ, ಪುಣೆಯ, ದಿಲ್ಲಿಯ ಸಂಘಗಳಲ್ಲಿ ಎಷ್ಟು ಮಂದಿ ಕೂಡಿ ಕುಳಿತು ನೋಡಿದ್ದೇವೆ? ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿದ ಸಮಾಜದ ಬಗ್ಗೆ ಎಷ್ಟು ಮಾತನಾಡಿದ್ದೇವೆ?

ಬರೀ ದೂರಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ತಿಂಗಳಿಗೊಂದು ಸಂಜೆ ಸಂಘದ ಸಭಾಂಗಣವನ್ನು ಒಂದು ಕನ್ನಡ ಚಿತ್ರಕ್ಕೋ ಧಾರಾವಾಹಿಗೋ ಬಿಟ್ಟುಕೊಡಿ. ನೋಡಿದ ಮೇಲೆ ಒಂದು ಗಂಟೆ ಮಾತು ಕಡ್ಡಾಯವಾಗಲಿ. ನಟನ ಸಂಸಾರ, ಸಂಭಾವನೆ, ಜಾತಿ, ಜಗಳ ಇವು ಬೇಡ. ತೆರೆಯ ಮೇಲೆ ಕಂಡದ್ದರ ಬಗ್ಗೆ ಮಾತ್ರ ಮಾತಿರಲಿ. ಮೊದಲ ಮಾತು ಅಧ್ಯಕ್ಷರದಲ್ಲ, ಇಪ್ಪತ್ತು ವರ್ಷದೊಳಗಿನವರದಾಗಲಿ. ಅವರು ತಡವರಿಸಿದರೆ ಹಿರಿಯರು ತಿದ್ದದೆ ಕಾಯಲಿ.

ವಾರ್ಷಿಕೋತ್ಸವದಲ್ಲಿ ಒಂದು ಹೊಸ ಬಗೆಯ ತಾಳಮದ್ದಳೆ ಏರ್ಪಡಲಿ. ಒಬ್ಬರು ಚಾಮಯ್ಯ ಮೇಷ್ಟ್ರು, ಒಬ್ಬರು ರಾಮಾಚಾರಿ, ಒಬ್ಬರು ಅಲಮೇಲು. ಚಿತ್ರದಲ್ಲಿಲ್ಲದ ಮಾತನ್ನು ಅವರೇ ಕಟ್ಟಿ ಆಡಲಿ. ಅಲಮೇಲು ಎದ್ದು ನಿಂತು, 'ನನ್ನನ್ನು ಒಂದು ಮಾತು ಕೇಳಿದಿರಾ ಮೇಷ್ಟ್ರೇ?' ಎಂದರೆ ಸಭೆಯಲ್ಲಿ ಎಂಥ ಮೌನ ಕವಿಯುತ್ತದೆಂದು ನಾವು ಈಗಲೇ ಊಹಿಸಬಲ್ಲೆವು. ಈ ಪತ್ರಿಕೆಯಲ್ಲೂ ಪ್ರೇಕ್ಷಕರಿಗೆಂದು ಒಂದು ಪುಟ ಮೀಸಲಾಗಲಿ; ಗೃಹಿಣಿಯರೂ ನಿವೃತ್ತರೂ ವಿದ್ಯಾರ್ಥಿಗಳೂ ಬರೆಯಲಿ. ಮನೆಯ ಅಟ್ಟದಲ್ಲಿರುವ ಹಳೆಯ ಹಾಡಿನ ಪುಸ್ತಕ, ಟಿಕೀಟಿನ ತುಣುಕು, ಸಿನಿಮಾ ಪತ್ರಿಕೆಯ ಸಂಚಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಸಂಘದ ಗ್ರಂಥಾಲಯಕ್ಕೆ ತನ್ನಿ. ಚಿತ್ರನಟರನ್ನು ಅಗತ್ಯವಾಗಿ ಕರೆಯಿರಿ. ಆದರೆ ಹಾರ ಹಾಕಿ ಕಳಿಸಿಬಿಡಬೇಡಿ. ಅರ್ಧ ಗಂಟೆ ಕೂರಿಸಿ, ಅವರ ಚಿತ್ರವನ್ನು ನೋಡಿ ಬಂದ ನಾಲ್ವರು ಸದಸ್ಯರು ಪ್ರಶ್ನೆ ಕೇಳಲಿ. ಒಳ್ಳೆಯ ಕಲಾವಿದರಿಗೆ ಶಾಲಿಗಿಂತ ಒಳ್ಳೆಯ ಪ್ರಶ್ನೆಯೇ ಹೆಚ್ಚಿನ ಸನ್ಮಾನ.

ಇದಕ್ಕೆಲ್ಲ ಖರ್ಚೆಷ್ಟು? ಒಂದು ವಾರ್ಷಿಕೋತ್ಸವದ ಹೂವಿನ ಅಲಂಕಾರದಷ್ಟೂ ಆಗುವುದಿಲ್ಲ. ಬೇಕಾಗಿರುವುದು ಜಗುಲಿಯ ಮೇಲೆ ಕೂತವರನ್ನು ಒಳಗೆ ಕರೆಯುವ ಮನಸ್ಸು. ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬೇಡಿಕೆಗಳನ್ನು ನಾವು ಬರಹದಲ್ಲಿ ಮಂಡಿಸಲಿದ್ದೇವೆ. ಒಪ್ಪುವವರು ಸಹಿ ಹಾಕಿ. ಒಪ್ಪದವರು ಎದುರು ನಿಂತು ವಾದಿಸಿ. ಯಾವ ಚಿತ್ರದಿಂದ ಆರಂಭಿಸಬೇಕೆಂಬ ಬಗ್ಗೆ ನಮ್ಮ ನಮ್ಮಲ್ಲೇ ಈಗಾಗಲೇ ಜೋರು ಜಗಳ ನಡೆದಿದೆ. ಅದು ಕನ್ನಡದಲ್ಲೇ ನಡೆದಿದೆ ಎಂಬುದನ್ನು ಹಿರಿಯರ ಗಮನಕ್ಕೆ ತರಬಯಸುತ್ತೇವೆ.